ಘಟಪ್ರಭೆಯ ಸ್ವಯಂಸೇವಕ

ಮಿರಜ ಕಡೆಯ ರೈಲು ಘಟಪ್ರಭಾ ನಿಲ್ದಾಣದಲ್ಲಿ ನಿಂತರೆ ಮೊದಲು ಇಳಿಯುವುದು ಬುತ್ತಿಗಂಟು, ಆಮೇಲೆ ಊರುಗೋಲು, ಕಡೆಗೆ ಅಜ್ಜ. "ಸಾವಕಾಶ ಇಳಿ ಯಪ್ಪಾ" ಎನ್ನುತ್ತ ಮಗ ಕೆಳಗಿನಿಂದ ಕೈ ಚಾಚಿರುತ್ತಾನೆ. ಹೊರಗೆ ಬಾಣಲೆಯಲ್ಲಿ ಮಿರ್ಚಿ ಭಜಿ ಚುಂಯ್ ಎನ್ನುತ್ತಿರುತ್ತದೆ. ಚಹಾದ ಹಬೆಯ ಜೊತೆ ಡೀಸೆಲ್ ಹೊಗೆಯೂ ಮೂಗಿಗೆ ಬಡಿಯುತ್ತದೆ. ಕಬ್ಬಿನ ಹಂಗಾಮಿನಲ್ಲಂತೂ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು, ದಾರಿಯುದ್ದ ಗಳ ಉದುರಿಸುತ್ತ ಹೋಗುತ್ತವೆ. ಈ ಗದ್ದಲದ ನಡುವೆಯೇ ಗೋಕಾಕದ ಬಸ್ಸು, ಮೂಡಲಗಿಯ ಟಂಟಂ, ಹುಕ್ಕೇರಿ ಕಡೆಯ ಜೀಪು ಇಳಿಸಿಹೋದವರಲ್ಲಿ ಎಷ್ಟೋ ಮಂದಿ ಕೇಳುವ ದಾರಿ ಒಂದೇ, ಆರೋಗ್ಯಧಾಮದ್ದು.

ಕರ್ನಾಟಕ ಆರೋಗ್ಯಧಾಮ ಎಂಬ ಈ ದವಾಖಾನೆಯನ್ನು 1929ರಲ್ಲಿ ಕಟ್ಟಿದವರು ಡಾ. ಕೊಕಟನೂರರು ಮತ್ತು ಅವರ ಜೊತೆಗಾರ ವೈದ್ಯರು. ಆ ಜೊತೆಗಾರರಲ್ಲಿ ಒಬ್ಬರು ಡಾ. ನಾ.ಸು. ಹರ್ಡೀಕರ. 1889ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ, ಅಮೆರಿಕದ ಮಿಷಿಗನ್‌ನಲ್ಲಿ ಸಾರ್ವಜನಿಕ ಆರೋಗ್ಯ ಕಲಿತವರು. ನ್ಯೂಯಾರ್ಕಿನಲ್ಲಿ ಲಾಲಾ ಲಜಪತರಾಯರ ಬಲಗೈಯಾಗಿದ್ದು, 1921ರಲ್ಲಿ ತಿರುಗಿ ಬಂದರು. ದೊಡ್ಡ ದವಾಖಾನೆ ತೆಗೆದು ದುಡ್ಡು ಎಣಿಸಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಹುಬ್ಬಳ್ಳಿಯ ಹುಡುಗರನ್ನು ಸ್ವಯಂಸೇವಕರೆಂದು ಸಾಲಾಗಿ ನಿಲ್ಲಿಸಿದರು.

ಈ ಸಾಲಿನ ಬೆಲೆ ಗೊತ್ತಾದದ್ದು 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ. ಜೈಲಿನ ಕಷ್ಟ ತಾಳದೆ ಬಹಳ ಮಂದಿ ಕ್ಷಮಾಪಣೆ ಬರೆದುಕೊಟ್ಟು ಹೊರಬಿದ್ದರೂ ಹುಬ್ಬಳ್ಳಿಯವರು ಜಗ್ಗಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನಿ ಸೇವಾದಳಕ್ಕೆ ಬುನಾದಿ ಬಿತ್ತು; ಮೊದಲ ಅಧ್ಯಕ್ಷರು ಜವಾಹರಲಾಲ ನೆಹರೂ, ಓಡಾಟವೆಲ್ಲ ಹರ್ಡೀಕರರದು. ಮರುವರ್ಷ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ಸ್ವಯಂಸೇವಕರ ಹೊಣೆ ಅವರ ಹೆಗಲಿಗೇ ಬಂತು. ಸೀಟಿ ಊದಿದರೆ ಎದ್ದು ನಿಲ್ಲಬೇಕು, ಜನ ನುಗ್ಗಿದರೆ ಕೈಗೆ ಕೈ ಹಿಡಿದು ದಾರಿ ಬಿಡಿಸಬೇಕು. ಭಾಷಣ ಕೇಳಲು ಬಂದ ಹುಡುಗ ಕಸಬರಿಗೆ ಹಿಡಿದ, ಮನೆಯಲ್ಲಿ ತಂಬಿಗೆ ಮುಟ್ಟದವನು ಕಕ್ಕಸು ತೊಳೆದ. ಅಧಿವೇಶನದ ಠರಾವುಗಳಿಗಿಂತ ಇದನ್ನೇ ದೊಡ್ಡದೆಂದು ನಾನು ಎಣಿಸುತ್ತೇನೆ.

ನಮ್ಮಲ್ಲಿ ಸೇವೆಯೆಂದರೆ ಪುರುಸೊತ್ತಿದ್ದವರ ಕೆಲಸ, ಜಾತ್ರೆಯ ದಿನ ಬ್ಯಾಡ್ಜು ಚುಚ್ಚಿಕೊಂಡು ಅಡ್ಡಾಡಿದರೆ ಮುಗಿಯಿತು. ಹರ್ಡೀಕರರಿಗೆ ಅದು ಕಲಿಯಬೇಕಾದ ಕಸುಬು. ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ, ಬಿಗಿಯಾದರೂ ಕಷ್ಟ, ಸಡಿಲಾದರೂ ಕಷ್ಟ. ಡಾಕ್ಟರು ಬೇರೆ, ದಳದ ನಾಯಕರು ಬೇರೆ ಎಂದು ಅವರಲ್ಲಿ ಬಿಡಿಸಿ ನೋಡುವುದು ನನಗಂತೂ ಆಗದ ಮಾತು.

ಆಮೇಲೆ ರಾಜ್ಯಸಭೆಯ ಹತ್ತು ವರ್ಷ, 1958ರಲ್ಲಿ ಪದ್ಮಭೂಷಣ. 1975ರಲ್ಲಿ ತೀರಿಕೊಂಡರು, ಹುಟ್ಟಿ ನೂರು ತುಂಬಿದ 1989ರಲ್ಲಿ ಅಂಚೆ ಚೀಟಿಯೂ ಬಂತು. ಚೀಟಿ ಬಂದದ್ದು ಸಂತೋಷವೇ. ಆದರೆ ಹರ್ಡೀಕರರು ಇವತ್ತು ಘಟಪ್ರಭೆಯಲ್ಲಿ ಇಳಿದರೆ ಹಾರ ಹಾಕಿಸಿಕೊಳ್ಳುವ ಮೊದಲು ನಿಲ್ದಾಣದ ನಳ, ಗಟಾರು ನೋಡಿ, ಚಹಾದಂಗಡಿ ಮುಂದೆ ನಿಂತ ನಾಲ್ಕು ಹುಡುಗರ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರು.