ಏಳು ವರ್ಷ ಕಾಡಿದ ತಾಮ್ರದ ತಟ್ಟೆ

ಅಯಸ್ಕಾಂತವು ತಾಮ್ರವನ್ನು ಸೆಳೆಯುವುದಿಲ್ಲವೆಂಬುದನ್ನು ಸೂಜಿಗಲ್ಲಿನೊಡನೆ ಆಡಿದ ಮಕ್ಕಳೂ ಬಲ್ಲರು. ಆದರೆ 1824ರಲ್ಲಿ ಪ್ಯಾರಿಸಿನ ವಿಜ್ಞಾನಿ ಫ್ರಾಂಸ್ವಾ ಅರಾಗೊ ತೋರಿಸಿದ ಯಂತ್ರವೊಂದು ಪಂಡಿತರನ್ನೇ ತಬ್ಬಿಬ್ಬುಗೊಳಿಸಿತು.

ಯಂತ್ರವೇನೋ ಬಹು ಸರಳ. ಗರಗರನೆ ತಿರುಗಿಸಬಹುದಾದ ತಾಮ್ರದ ತಟ್ಟೆ. ಅದರ ಮೇಲೆ, ತಾಗದಂತೆ, ದಿಕ್ಸೂಚಿಯ ಮುಳ್ಳು. ತಟ್ಟೆ ನಿಂತಿರುವಾಗ ಮುಳ್ಳು ಸುಮ್ಮನಿರುವುದು. ತಟ್ಟೆ ತಿರುಗತೊಡಗಿದರೆ ಮುಳ್ಳು ಅದೇ ದಿಕ್ಕಿಗೆ ವಾಲುವುದು. ವೇಗ ಹೆಚ್ಚಿದರೆ ತಾನೂ ಸುತ್ತತೊಡಗುವುದು! ಗಾಳಿಯ ಚೇಷ್ಟೆಯೆನ್ನೋಣವೆಂದರೆ, ನಡುವೆ ತೆರೆಯಿಟ್ಟರೂ ಮುಳ್ಳು ತನ್ನ ಹಟವನ್ನು ಬಿಡಲಿಲ್ಲ.

ಕಬ್ಬಿಣದ ಸೋಂಕಿಲ್ಲದ ವಸ್ತುಗಳಲ್ಲಿಯೂ ಕಾಂತಗುಣವುಂಟೆಂಬುದನ್ನು ಕಂಡುಹಿಡಿದುದಕ್ಕಾಗಿ ಲಂಡನ್ನಿನ ರಾಯಲ್ ಸೊಸೈಟಿಯು 1825ರಲ್ಲಿ ಅರಾಗೊನಿಗೆ ಕಾಪ್ಲಿ ಪದಕವನ್ನಿತ್ತಿತು. ಪದಕವು ಯೋಗ್ಯನಿಗೇ ಸಂದಿತು. ಕೊಟ್ಟ ಕಾರಣ ಮಾತ್ರ ಸರಿಯಾಗಿರಲಿಲ್ಲ.

ಅದೇ ವರ್ಷ ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ಯಾಬೇಜ್ ಮತ್ತು ಜಾನ್ ಹರ್ಷೆಲ್ ಪ್ರಯೋಗವನ್ನು ತಿರುವುಮುರುವು ಮಾಡಿ, ಅಯಸ್ಕಾಂತವನ್ನೇ ತಿರುಗಿಸಿದರು. ಈಗ ತೂಗಿಬಿಟ್ಟ ತಟ್ಟೆಯು ಅದನ್ನು ಹಿಂಬಾಲಿಸಿತು. ತಟ್ಟೆಯಲ್ಲಿ ನಡುವಿನಿಂದ ಅಂಚಿನತ್ತ ಸೀಳುಗಳನ್ನು ಕೊಯ್ದರೆ ಸೆಳೆತ ಕುಗ್ಗಿತು. ಸೀಳುಗಳಿಗೆ ಬೆಸುಗೆ ಹಾಕಿದೊಡನೆ ಮರಳಿತು. ಒಗಟಿನ ಬೀಗದಕೈ ಇಲ್ಲಿಯೇ ಇದ್ದಿತು. ಸೀಳಿದರೂ ತಾಮ್ರವು ತಾಮ್ರವೇ. ಕಡಿದುಹೋದುದು ಅದರೊಳಗೆ ಏನೋ ಹರಿಯುವ ದಾರಿ. ಆದರೂ ಆ ಇಬ್ಬರು ಮಹಾ ಬುದ್ಧಿಶಾಲಿಗಳು ಬೀಗದಕೈಯನ್ನು ಕೈಯಲ್ಲಿ ಹಿಡಿದೇ ಬಾಗಿಲನ್ನು ದಾಟಿ ಮುಂದೆ ಹೋದರು.

ಬಾಗಿಲು ತೆರೆದವನು ಮೈಕೇಲ್ ಫ್ಯಾರಡೆ. ಕಮ್ಮಾರನ ಮಗ, ಹುಡುಗನಾಗಿದ್ದಾಗ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿತವನು. 1831ರ ಅಕ್ಟೋಬರ್ 28ರಂದು ಆತನು ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಿ, ಅದರ ಅಚ್ಚಿಗೊಂದು, ಅಂಚಿಗೊಂದು ತಂತಿಯನ್ನು ತಾಗಿಸಿದನು. ವಿದ್ಯುತ್ತನ್ನು ತೋರುವ ಮಾಪಕದ ಮುಳ್ಳು ಸರಿದು ನಿಂತಿತು!

ಅರಾಗೊನ ಯಂತ್ರದ ಗುಟ್ಟು ಇದೇ. ಅಯಸ್ಕಾಂತದ ಸನಿಹದಲ್ಲಿ ಚಲಿಸುವ ತಾಮ್ರದೊಳಗೆ ವಿದ್ಯುತ್ಪ್ರವಾಹಗಳು ಸುಳಿಸುಳಿಯಾಗಿ ಹುಟ್ಟುತ್ತವೆ. ಪ್ರವಾಹವಿದ್ದಲ್ಲಿ ಕಾಂತಬಲವೂ ಉಂಟಷ್ಟೆ. ಆ ಬಲವೇ ಮುಳ್ಳನ್ನು ತಟ್ಟೆಯ ಹಿಂದೆ ಎಳೆದೊಯ್ಯುತ್ತದೆ. ತಟ್ಟೆ ನಿಂತರೆ ಪ್ರವಾಹವಿಲ್ಲ, ಸೆಳೆತವೂ ಇಲ್ಲ. ಫ್ಯಾರಡೆಯ ತಟ್ಟೆಯಾದರೋ, ಒಗಟು ಬಿಡಿಸಿದುದಲ್ಲದೆ, ಮೊತ್ತಮೊದಲ ಡೈನಮೋ ಎನಿಸಿತು.

ಎಲೆಕ್ಟ್ರಾನಿಕ್ ಮೀಟರುಗಳು ಬರುವ ಮುನ್ನ ನಮ್ಮ ಮನೆಗಳ ಗೋಡೆಯ ಮೇಲೆ, ಗಾಜಿನ ಹಿಂದೆ, ಅಲ್ಯೂಮಿನಿಯಂ ತಟ್ಟೆಯೊಂದು ಸುತ್ತುತ್ತಿದ್ದುದನ್ನು ಹಿರಿಯರು ಮರೆತಿರಲಾರರು. ಅದನ್ನು ತಿರುಗಿಸುತ್ತಿದ್ದುದೂ ಈ ಸುಳಿಪ್ರವಾಹಗಳೇ. ಪಕ್ಕದ ಪುಟ್ಟ ಅಯಸ್ಕಾಂತದ ಮೂಲಕ, ಲೆಕ್ಕ ತಪ್ಪದಂತೆ ಹಿಡಿತದಲ್ಲಿಡುತ್ತಿದ್ದುದೂ ಅವೇ.