ತಡೆಯುವ ಕೈ, ಹೊಡೆಯುವ ಕೈ

ಬಾಕ್ಸಿಂಗ್ ಎಂದರೆ ಬರೀ ಹೊಡೆತವಲ್ಲ. ಹೊಡೆತ ತಡೆಯುವುದೂ ಅದರ ಪಾಠವೇ. 18ನೇ ಶತಮಾನದ ಲಂಡನ್ನಿನಲ್ಲಿ ಕಾಳಗ ಬರಿಗೈಯಲ್ಲಿ ನಡೆಯುತ್ತಿತ್ತು. ಅಭ್ಯಾಸದಲ್ಲಾದರೂ ಶಿಷ್ಯರ ಮೂಗು, ದವಡೆ ಉಳಿಯಲೆಂದು ಜಾಕ್ ಬ್ರೌಟನ್ ಮೆತ್ತನೆಯ ಕೈಗವಸು ತಂದ. ಜೊತೆಗಾರನೊಡನೆ ಕಲಿಯುವುದು ಇದರಿಂದ ಸುಲಭವಾಯಿತು.

1789ರಲ್ಲಿ ಡೇನಿಯಲ್ ಮೆಂಡೋಜಾ ಬರೆದ ಪುಸ್ತಕದಲ್ಲಿರುವುದು ಇಂಥ ಪಾಠಗಳೇ. ಗುರು ಮುಖಕ್ಕೆ ಗುದ್ದು ಬೀಸುತ್ತಾನೆ; ಶಿಷ್ಯ ತೋಳಿನಿಂದ ತಡೆದು ಒಡನೆಯೇ ಮರುಹೊಡೆತ ಕೊಡುತ್ತಾನೆ. ಗುದ್ದಲು ಚಾಚಿದ ಕೈ ಹಿಂದೆ ಸರಿಯುವವರೆಗೆ ಆ ಪಕ್ಕಕ್ಕೆ ಕಾವಲಿಲ್ಲ. ಮರುಹೊಡೆತಕ್ಕೆ ಅದೇ ಸಮಯ. ಮೆಂಡೋಜಾ ಎತ್ತರದ ಆಳಲ್ಲ. ತನಗಿಂತ ದೊಡ್ಡವರನ್ನು ಗೆದ್ದದ್ದು ಈ ವಿದ್ಯೆಯಿಂದ.

ಅಭ್ಯಾಸದಲ್ಲಿ ಹೊಡೆಯುವವನು ವೈರಿಯಲ್ಲ. ಆದರೂ ಅವನು ನೇರವಾಗಿ ಗುರಿಯಿಡಬೇಕು. ಮುಲಾಜಿಗೆ ಪಕ್ಕಕ್ಕೆ ಬೀಸಿದರೆ ಗೆಳೆಯ ಕಲಿಯುವುದು ಬಾರದ ಪೆಟ್ಟನ್ನು ತಡೆಯುವುದನ್ನು ಮಾತ್ರ.