ಭೂಮಿಯ ಒಡಲನ್ನು ತೋರಿದ ಲೆಕ್ಕ

ಪರದೆಯ ಮೇಲೆ ಬೇಗ ಸರಿದುಹೋದ ಲೆಕ್ಕವನ್ನು ಇಲ್ಲಿ ನಿಧಾನವಾಗಿ ನೋಡೋಣ.

ದ್ರವ್ಯವು ಅಕ್ಷದಿಂದ ದೂರವಿದ್ದಷ್ಟೂ ವಸ್ತುವನ್ನು ತಿರುಗಿಸುವುದು ಕಷ್ಟ. ಈ ಗುಣದ ಅಳತೆಯೇ ಜಡತ್ವ ಮಹತ್ವ. ಘನಗೋಳವೊಂದನ್ನು ಮನಸ್ಸಿನಲ್ಲೇ ಸಣ್ಣ ತುಣುಕುಗಳಾಗಿ ಕತ್ತರಿಸಿ. ಪ್ರತಿ ತುಣುಕಿನ ದ್ರವ್ಯರಾಶಿಯನ್ನು ಅಕ್ಷದಿಂದ ಅದಕ್ಕಿರುವ ದೂರದ ವರ್ಗದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ. ತುಣುಕಿನ ಸ್ಥಾನ ಹೇಳಲು ಕೇಂದ್ರದಿಂದ ದೂರ ಮತ್ತು ಎರಡು ಕೋನಗಳು ಬೇಕು. ಆದ್ದರಿಂದ ಅನುಕಲನ ಮೂರು ಬಾರಿ. ಸಾಂದ್ರತೆ ಎಲ್ಲೆಡೆ ಒಂದೇ ಆಗಿದ್ದರೆ ಉತ್ತರ, ದ್ರವ್ಯರಾಶಿ ಮತ್ತು ತ್ರಿಜ್ಯದ ವರ್ಗದ ಗುಣಲಬ್ಧದ 0.4 ಪಾಲು.

ಭೂಅಕ್ಷದ ನಿಧಾನ ಓಲಾಟ ಮತ್ತು ಕೃತಕ ಉಪಗ್ರಹಗಳ ಕಕ್ಷೆಗಳನ್ನು ಅಳೆದಾಗ ಭೂಮಿಗೆ ದೊರೆತ ಅಂಕಿ ಸುಮಾರು 0.33 ಮಾತ್ರ. ಅಂದರೆ ಭೂಮಿ ಒಳಗೆಲ್ಲ ಒಂದೇ ಸಮನಾಗಿಲ್ಲ. ನಡುವೆ ಭಾರವಾದ ತಿರುಳಿದೆ. ಚಂದ್ರನ ಅಂಕಿ 0.393, ಅದರ ತಿರುಳು ಬಲು ಚಿಕ್ಕದು. ಯಾರೂ ಇಳಿಯಲಾರದ ಆಳದ ಸುದ್ದಿಯನ್ನು ತಂದದ್ದು ಈ ಕೂಡುವ ಲೆಕ್ಕ.